ಟೇಬಲ್ ಗೆರೆಗಳ ರಿಪೇರಿ: ಒಂದು ಗೆರೆಗೆ ಒಬ್ಬನೇ ಯಜಮಾನ

ಕೆಲಸ ಕೈಗೆ ಬಂದಾಗ ಇದ್ದ ಸ್ಥಿತಿ ಹೀಗಿತ್ತು. ಹಳೆಯದೊಂದು ದಾಸ್ತಾನು ಪಟ್ಟಿಯ ವೆಬ್ ಪುಟ. ಹನ್ನೆರಡು ಕಾಲಮ್, ಇನ್ನೂರು ಚಿಲ್ಲರೆ ಸಾಲು. ಎಡಗಡೆಯ ಕಾಲಮ್‌ನಲ್ಲಿ ಗುಂಪಿನ ಹೆಸರು, ಅದು ನಾಲ್ಕೈದು ಸಾಲುಗಳಷ್ಟು ಉದ್ದಕ್ಕೆ ಚಾಚಿಕೊಂಡಿರುತ್ತದೆ. ಕ್ರೋಮ್‌ನಲ್ಲಿ ಹೊರಗಿನ ಅಂಚು ಕಾಣುತ್ತಿರಲಿಲ್ಲ. ಫೈರ್‌ಫಾಕ್ಸ್‌ನಲ್ಲಿ ಕೆಲವು ಸೆಲ್‌ಗಳ ಗೆರೆ ಅಳಿಸಿ ಹೋದಂತಿತ್ತು. ಸಫಾರಿಯಲ್ಲಿ ಜೂಮ್ ಮಾಡಿದರೆ ಒಂದು ಗೆರೆ ದಪ್ಪ, ಪಕ್ಕದ್ದು ಸಣ್ಣ. ಪ್ರಿಂಟ್ ಕೊಟ್ಟರಂತೂ ಕೇಳಲೇಬೇಡಿ.

ಈಗ ಸರಿಹೋಗಿದೆ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ, ಕೈಕೊಟ್ಟ ಉಪಾಯಗಳನ್ನೂ ಸೇರಿಸಿ. ಕೋಡಿನ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನಿಮ್ಮ ಫೈಲಿಗೆ ಹಾಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

ಬಳಸಿದ ಸಾಮಾನು: ಕ್ರೋಮ್, ಫೈರ್‌ಫಾಕ್ಸ್, ಸಫಾರಿ. ಎಡ್ಜ್ ಬೇರೆಯಾಗಿ ನೋಡಲಿಲ್ಲ. 2020ರ ಜನವರಿಯಿಂದ ಅದರ ಒಳಗಿರುವುದೂ ಕ್ರೋಮ್‌ನ ಎಂಜಿನ್ನೇ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಲೆಕ್ಕಕ್ಕೇ ಇಲ್ಲ, 2022ರ ಜೂನ್‌ನಲ್ಲಿ ಅದರ ಕಥೆ ಮುಗಿದಿದೆ. ಇವುಗಳ ಜೊತೆಗೆ ಸ್ಕ್ರೀನ್‌ಶಾಟ್ ತೆಗೆದು ಎಂಟು ಪಟ್ಟು ಹಿಗ್ಗಿಸಿ ನೋಡಲು ಯಾವುದಾದರೂ ಒಂದು ಚಿತ್ರದ ಸಾಫ್ಟ್‌ವೇರ್ ಸಾಕು. ಬರಿಗಣ್ಣನ್ನು ನಂಬಿದರೆ ಕೆಲಸ ಕೆಡುತ್ತದೆ. 1 ಪಿಕ್ಸೆಲ್ಲೋ 2 ಪಿಕ್ಸೆಲ್ಲೋ ಅನ್ನುವುದು ಹಿಗ್ಗಿಸಿ ಎಣಿಸಿದರೇ ಗೊತ್ತಾಗುವುದು.

ಹಂತ 1: ಯಾರ ಗೆರೆ ಯಾವುದು?

ಏನನ್ನೂ ಮುಟ್ಟುವ ಮೊದಲು ಒಂದು ಚಿಕ್ಕ ಪರೀಕ್ಷೆಯ ಫೈಲ್ ಮಾಡಿಕೊಂಡೆ. ಮೂರು ಸಾಲು, ಮೂರು ಕಾಲಮ್, ಬೇರೆ ಏನೂ ಇಲ್ಲ. ಆಮೇಲೆ ಪ್ರತಿಯೊಂದಕ್ಕೂ ಕಣ್ಣಿಗೆ ರಾಚುವ ಬಣ್ಣ ಕೊಟ್ಟೆ. ಟೇಬಲ್ ಗೆರೆ ಕೆಂಪು, ಸಾಲಿನ ಗೆರೆ ಹಸಿರು, ಟಿಡಿ (ಸಾಮಾನ್ಯ ಸೆಲ್) ನೀಲಿ, ಟಿಎಚ್ (ತಲೆಬರಹದ ಸೆಲ್) ಕಿತ್ತಳೆ. ಎಲ್ಲವೂ 1 ಪಿಕ್ಸೆಲ್, ಸಾಲಿಡ್ (ನಡುವೆ ಕಡಿಯದ ಗೆರೆ).

ಈ ಒಂದು ಉಪಾಯ ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಎಲ್ಲಾ ಗೆರೆಯೂ ಬೂದು ಬಣ್ಣದಲ್ಲಿದ್ದರೆ ಯಾವುದು ಯಾರದ್ದು ಅಂತ ಹೇಗೆ ಹೇಳುವುದು? ಬಣ್ಣ ಹಾಕಿದ ಕೂಡಲೇ ಗುಟ್ಟು ಹೊರಬೀಳುತ್ತದೆ. ಪಕ್ಕಪಕ್ಕದ ಗೆರೆಗಳು ಬೇರೆ ಬೇರೆ ಇರಬೇಕೋ (ಸೆಪರೇಟ್), ಸೇರಿ ಒಂದಾಗಬೇಕೋ (ಕೊಲ್ಯಾಪ್ಸ್) ಅಂತ ಹೇಳುವ ನಿಯಮ ಬಾರ್ಡರ್-ಕೊಲ್ಯಾಪ್ಸ್. ಅದಕ್ಕೆ ಸೆಪರೇಟ್ ಅಂತ ಕೊಟ್ಟಾಗ ಹಸಿರು ಎಲ್ಲಿಯೂ ಕಾಣಲಿಲ್ಲ. ಆ ಲೆಕ್ಕದಲ್ಲಿ ಸಾಲಿಗೆ, ಅಂದರೆ ಟಿಆರ್‌ಗೆ, ಗೆರೆ ಎಳೆಯುವ ಹಕ್ಕೇ ಇಲ್ಲ. ಕೊಲ್ಯಾಪ್ಸ್ ಅಂತ ಕೊಟ್ಟಾಗ ಕೆಂಪು ಪೂರ್ತಿ ಮಾಯ. ಹೊರಗಿನ ಅಂಚಿನಲ್ಲೂ ನೀಲಿ, ಕಿತ್ತಳೆಯೇ. ಟೇಬಲ್ ಗೆರೆಯನ್ನು 2 ಪಿಕ್ಸೆಲ್ ಮಾಡಿದ ತಕ್ಷಣ ಕೆಂಪು ಮತ್ತೆ ಎದ್ದು ಬಂತು.

ಅಸಲಿ ಪುಟಕ್ಕೂ ಡೆವ್‌ಟೂಲ್ಸ್‌ನಲ್ಲಿ (ಬ್ರೌಸರ್ ಒಳಗೇ ಇರುವ ಕೋಡ್ ಪರೀಕ್ಷಿಸುವ ಸಲಕರಣೆ) ಇದೇ ಬಣ್ಣಗಳನ್ನು ಹಾಕಿ ಮೂರೂ ಬ್ರೌಸರ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಕೊನೆಯವರೆಗೂ ಹೋಲಿಸಿ ನೋಡಿದ್ದು ಇವನ್ನೇ.

ಹಂತ 2: ಹಳೇ ಕಸ ಗುಡಿಸಿದ್ದು

ಪುಟಕ್ಕೆ ಡಾಕ್‌ಟೈಪ್ (ಪುಟ ಯಾವ ಬಗೆಯದ್ದು ಅಂತ ಬ್ರೌಸರ್‌ಗೆ ಹೇಳುವ ಘೋಷಣೆ) ಇರಲಿಲ್ಲ. ಡೆವ್‌ಟೂಲ್ಸ್‌ನ ಕನ್ಸೋಲ್‌ನಲ್ಲಿ ಡಾಕ್ಯುಮೆಂಟ್.ಕಂಪ್ಯಾಟ್‌ಮೋಡ್ ಅಂತ ಕೇಳಿದರೆ ಬ್ಯಾಕ್‌ಕಂಪ್ಯಾಟ್ ಅಂತ ಉತ್ತರ. ಅಂದರೆ ಬ್ರೌಸರ್ ಕ್ವರ್ಕ್ಸ್ ಮೋಡ್‌ನಲ್ಲಿ ಓಡುತ್ತಿದೆ, ಇಪ್ಪತ್ತು ವರ್ಷಕ್ಕೂ ಹಿಂದಿನ ಅಭ್ಯಾಸಗಳನ್ನು ನಟಿಸುತ್ತಿದೆ. ಈ ಮೋಡ್‌ನಲ್ಲಿ ಬಾಡಿ ಟ್ಯಾಗ್‌ಗೆ, ಅಂದರೆ ಇಡೀ ಪುಟಕ್ಕೆ, ಕೊಟ್ಟ ಅಕ್ಷರದ ಅಳತೆ ಟೇಬಲ್ ಒಳಗೆ ಇಳಿಯುವುದಿಲ್ಲ. ಫೈಲಿನ ಮೊದಲ ಸಾಲಿಗೆ ಎಚ್‌ಟಿಎಂಎಲ್ ಡಾಕ್‌ಟೈಪ್ ಸೇರಿಸಿದೆ. ಉತ್ತರ ಸಿಎಸ್‌ಎಸ್1ಕಂಪ್ಯಾಟ್ ಅಂತ ಬದಲಾಯಿತು. ಜೊತೆಗೆ ಅಕ್ಷರದ ಅಳತೆಯೂ ಬದಲಾಗಿ ಸಾಲುಗಳು ಎತ್ತರವಾದವು. ಅದನ್ನು ಸಿಎಸ್‌ಎಸ್‌ನಲ್ಲಿ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡ್) ಬೇರೆಯಾಗಿ ಸರಿಮಾಡಬೇಕಾಯಿತು. ಡಾಕ್‌ಟೈಪ್ ಸೇರಿಸಿದಾಗ ಪುಟದ ಬೇರೆ ಭಾಗಗಳೂ ಅಲುಗಾಡಬಹುದು, ಆದ್ದರಿಂದ ಇದನ್ನು ಮೊದಲೇ ಮಾಡಿ ಮುಗಿಸಿ.

ಆಮೇಲೆ ಟೇಬಲ್ ಟ್ಯಾಗ್ ನೋಡಿದೆ. ಸೆಲ್‌ಸ್ಪೇಸಿಂಗ್ 0, ಸೆಲ್‌ಪ್ಯಾಡಿಂಗ್ 4, ರೂಲ್ಸ್ ಆಲ್. ಎಲ್ಲಾ ಟ್ಯಾಗ್ ಒಳಗೇ ಬರೆಯುವ ಹಳೇ ಕಾಲದ ಆಟ್ರಿಬ್ಯೂಟ್‌ಗಳು. ಸೆಲ್‌ಸ್ಪೇಸಿಂಗ್‌ನಿಂದ ತೊಂದರೆ ಇಲ್ಲ, ನಮ್ಮ ಸಿಎಸ್‌ಎಸ್‌ನಲ್ಲಿ ಒಂದು ಸಾಲು ಬರೆದರೆ ಅದು ಸುಮ್ಮನಾಗುತ್ತದೆ. ಕಿತಾಪತಿ ಇದ್ದದ್ದು ರೂಲ್ಸ್‌ನಲ್ಲಿ. ಎಚ್‌ಟಿಎಂಎಲ್ ಸ್ಟ್ಯಾಂಡರ್ಡ್ ಪ್ರಕಾರ, ರೂಲ್ಸ್ ಇದ್ದರೆ ಟೇಬಲ್‌ಗೆ ಕೊಲ್ಯಾಪ್ಸ್ ತಾನಾಗಿಯೇ ಬರುತ್ತದೆ. ಜೊತೆಗೆ ಟೇಬಲ್‌ನ ಬಾರ್ಡರ್-ಸ್ಟೈಲ್ ಹಿಡನ್ ಆಗುತ್ತದೆ. ಹಿಡನ್ ಅಂದರೆ ನನ್ ಅಲ್ಲ. ನನ್ ಅಂದರೆ 'ನನಗೆ ಗೆರೆ ಬೇಡ, ಪಕ್ಕದವರು ಬೇಕಾದರೆ ಎಳೆದುಕೊಳ್ಳಲಿ'. ಹಿಡನ್ ಅಂದರೆ 'ಇಲ್ಲಿ ಯಾರೂ ಎಳೆಯಕೂಡದು'. ಹೊರಗಿನ ಅಂಚು ಕಾಣದಿದ್ದದ್ದು ಇದರಿಂದಲೇ. ಸೆಲ್‌ಗೆ ಎಷ್ಟು ದಪ್ಪ ಗೆರೆ ಕೊಟ್ಟರೂ ಹೊರ ಅಂಚಿನಲ್ಲಿ ಟೇಬಲ್‌ನ ಹಿಡನ್ ಅದನ್ನು ನುಂಗುತ್ತಿತ್ತು.

ಮೂರೂ ಆಟ್ರಿಬ್ಯೂಟ್ ತೆಗೆದೆ. ನಿಮ್ಮ ಟೇಬಲ್‌ನಲ್ಲಿ ಬಾರ್ಡರ್ 1 ಅಂತ ಇದ್ದರೆ ಅದನ್ನೂ ತೆಗೆಯಿರಿ. ಅದು ಟೇಬಲ್‌ಗೆ ಔಟ್‌ಸೆಟ್, ಸೆಲ್‌ಗೆ ಇನ್‌ಸೆಟ್ ಗೆರೆ ಕೊಡುತ್ತದೆ. ಆ ಉಬ್ಬು ತಗ್ಗಿನ ನೆರಳಿಗೆ ಯಾವ ಬಣ್ಣ ಅನ್ನುವುದು ಬ್ರೌಸರ್‌ನ ಇಷ್ಟ, ಎರಡು ಕಡೆ ಒಂದೇ ಥರ ಬರಬೇಕೆಂದೇನೂ ಇಲ್ಲ.

ಖಾಲಿ ಸೆಲ್‌ಗಳ ತುಂಬಾ ಎನ್‌ಬಿಎಸ್‌ಪಿ (ಕಣ್ಣಿಗೆ ಕಾಣದ ಖಾಲಿ ಜಾಗದ ಅಕ್ಷರ) ತುಂಬಿದ್ದರು. ಹಳೇ ಎಕ್ಸ್‌ಪ್ಲೋರರ್ ಖಾಲಿ ಸೆಲ್‌ಗೆ ಗೆರೆ ಎಳೆಯುತ್ತಿರಲಿಲ್ಲ, ಅದಕ್ಕೆ ಈ ಮದ್ದು. ಈಗ ಅದರ ಅಗತ್ಯವಿಲ್ಲ. ಫೈಂಡ್, ರಿಪ್ಲೇಸ್, ಮುಗಿಯಿತು.

ಹಂತ 3: ಕೊಲ್ಯಾಪ್ಸ್ ಉಪಾಯ, ಕೈಕೊಟ್ಟಿತು

ಟೇಬಲ್ ಗೆರೆ ಅಂದರೆ ಎಲ್ಲರ ಕೈಗೂ ಮೊದಲು ಬರುವುದು ಇದೇ ಅಲ್ವಾ? ಬಾರ್ಡರ್-ಕೊಲ್ಯಾಪ್ಸ್: ಕೊಲ್ಯಾಪ್ಸ್ ಹಾಕು, ಟಿಡಿಗೆ 1 ಪಿಕ್ಸೆಲ್ ಸಾಲಿಡ್ ಕೊಡು. ಚಿಕ್ಕ ಟೇಬಲ್‌ಗೆ ಇದು ಸಾಕು, ನಾನೂ ಹಾಗೇ ಬಿಡುತ್ತೇನೆ. ಆದರೆ ಈ ಪುಟದಲ್ಲಿ ಒಂದಾದ ಮೇಲೊಂದು ತಕರಾರು ಎದ್ದವು.

ಕೊಲ್ಯಾಪ್ಸ್‌ನಲ್ಲಿ ಎರಡು ಸೆಲ್‌ಗಳ ನಡುವಿನ ಗೆರೆ ಎರಡು ಹೊಲಗಳ ನಡುವಿನ ಬದು ಇದ್ದಂತೆ. ಇಬ್ಬರದ್ದೂ ಹೌದು, ಇಬ್ಬರದ್ದೂ ಅಲ್ಲ. ಜಗಳ ಬಂದರೆ ತೀರ್ಪು ಕೊಡಲು ಒಂದು ಕ್ರಮ ಇದೆ. ಹಿಡನ್ ಇದ್ದರೆ ಅದೇ ಗೆದ್ದಿತು. ಇಲ್ಲದಿದ್ದರೆ ದಪ್ಪ ಗೆರೆ ಗೆಲ್ಲುತ್ತದೆ. ದಪ್ಪ ಒಂದೇ ಆದರೆ ಸ್ಟೈಲ್ ನೋಡಬೇಕು: ಡಬಲ್, ಸಾಲಿಡ್, ಡ್ಯಾಶ್ಡ್, ಡಾಟೆಡ್, ಆಮೇಲೆ ರಿಡ್ಜ್, ಔಟ್‌ಸೆಟ್, ಗ್ರೂವ್, ಇನ್‌ಸೆಟ್, ಈ ಸರದಿಯಲ್ಲಿ. ಸ್ಟೈಲೂ ಒಂದೇ ಆದರೆ ಸೆಲ್‌ಗೆ ಮೊದಲ ಹಕ್ಕು, ನಂತರ ಸಾಲು, ಸಾಲುಗಳ ಗುಂಪು, ಕಾಲಮ್, ಕಾಲಮ್‌ಗಳ ಗುಂಪು, ಕಟ್ಟಕಡೆಗೆ ಟೇಬಲ್. ಅದರಲ್ಲೂ ಸಮ ಆದರೆ ಮೇಲಿನವನು ಮತ್ತು ಎಡಗಡೆಯವನು ಗೆಲ್ಲುತ್ತಾನೆ.

ನಿಯಮ ಸರಿಯಾಗಿಯೇ ಇದೆ. ತೊಂದರೆ ಶುರುವಾಗುವುದು ಗೆರೆಯನ್ನು ಆಮೇಲೆ ಬದಲಾಯಿಸಲು ಹೋದಾಗ. ಮೌಸ್ ಇಟ್ಟ ಸಾಲಿನ ಸುತ್ತ ನೀಲಿ ಗೆರೆ ಬರಬೇಕು ಅಂತ ಹಳೇ ಕೋಡಿನಲ್ಲಿ ಇತ್ತು. ಹಿಗ್ಗಿಸಿ ನೋಡಿದರೆ ಕೆಳಗೆ ನೀಲಿ, ಬಲಕ್ಕೆ ನೀಲಿ, ಮೇಲೆ ಮಾತ್ರ ಬೂದು. ಯಾಕೆಂದರೆ ಆ ಮೇಲಿನ ಗೆರೆಗೆ ಮೇಲಿನ ಸಾಲಿನ ಸೆಲ್ಲೂ ಹಕ್ಕುದಾರ. ದಪ್ಪ ಒಂದೇ, ಸ್ಟೈಲ್ ಒಂದೇ, ಹಾಗಾಗಿ ಮೇಲಿನವನು ಗೆದ್ದ. 2 ಪಿಕ್ಸೆಲ್ ಮಾಡಿದರೆ ನೀಲಿ ಗೆಲ್ಲುತ್ತದೆ, ಆದರೆ ಮೌಸ್ ಓಡಾಡಿದಂತೆ ಟೇಬಲ್ ಕುಣಿಯುತ್ತದೆ.

ಎರಡನೇ ತಕರಾರು ಅರ್ಧ ಪಿಕ್ಸೆಲ್ಲಿನದು. ಹಂಚಿಕೊಂಡ ಗೆರೆ ಅಂದರೆ ಅರ್ಧ ಇತ್ತ, ಅರ್ಧ ಅತ್ತ. 1 ಪಿಕ್ಸೆಲ್ ಗೆರೆಯನ್ನು ಅರ್ಧ ಮಾಡುವುದು ಹೇಗೆ? ಉಳಿದ ಒಂದು ಚುಕ್ಕೆ ಯಾವ ಕಡೆಗೆ ಹೋಗಬೇಕು ಅನ್ನುವುದನ್ನು ಸಿಎಸ್‌ಎಸ್ ನಿಯಮಗಳ 2.1 ಆವೃತ್ತಿ ಬ್ರೌಸರ್‌ಗೇ ಬಿಟ್ಟಿದೆ, ಎಲ್ಲಾ ಕಡೆ ಒಂದೇ ಕ್ರಮ ಇಟ್ಟುಕೊಂಡರೆ ಸಾಕು ಅಂತ. ನಮ್ಮ ಪುಟದಲ್ಲಿ ಟೇಬಲ್ ಮೇಲೆ ಅದೇ ಅಗಲದ ಒಂದು ಹುಡುಕುವ ಪಟ್ಟಿ ಇದೆ, ಅದಕ್ಕೂ 1 ಪಿಕ್ಸೆಲ್ ಗೆರೆ. ಒಂದು ಬ್ರೌಸರ್‌ನಲ್ಲಿ ಎರಡರ ಅಂಚೂ ಸರಿಯಾಗಿ ಕೂತರೆ ಇನ್ನೊಂದರಲ್ಲಿ ಒಂದು ಚುಕ್ಕೆ ಆಚೆ. ಕ್ರೋಮ್ 2021ರಲ್ಲಿ, 91ನೇ ಆವೃತ್ತಿಯಲ್ಲಿ, ತನ್ನ ಟೇಬಲ್ ಕೋಡನ್ನೇ ಹೊಸದಾಗಿ ಬರೆದು ಪಿಕ್ಸೆಲ್‌ನ ಭಾಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಶುರುಮಾಡಿತು. ಅದಕ್ಕೂ ಹಿಂದೆ ಯಾರೋ ಅಂದಾಜಿಗೆ ಹಾಕಿದ್ದ ಮೈನಸ್ 1 ಪಿಕ್ಸೆಲ್ ಮಾರ್ಜಿನ್ ನಮ್ಮ ಸ್ಟೈಲ್‌ಶೀಟ್‌ನಲ್ಲಿ ಇನ್ನೂ ಕೂತಿತ್ತು. ಅದನ್ನು ತೆಗೆದೆ.

ಇದೇ ಜಾತಿಯ ಇನ್ನೊಂದು. ದಾಸ್ತಾನು ಮುಗಿಯುತ್ತಾ ಬಂದ ಸಾಲಿಗೆ ಎಡಗಡೆ 3 ಪಿಕ್ಸೆಲ್ ಕೆಂಪು ಗೆರೆ ಇತ್ತು. 2.1ರ ನಿಯಮದಲ್ಲಿ ಟೇಬಲ್‌ನ ಎಡ ಅಂಚಿನ ಅಗಲವನ್ನು ಅಳೆಯುವುದು ಮೊದಲ ಸಾಲನ್ನು ನೋಡಿ. ಮುಂದೆ ಯಾವುದೋ ಸಾಲಿನಲ್ಲಿ ಅದಕ್ಕಿಂತ ದಪ್ಪ ಗೆರೆ ಬಂದರೆ ಹೆಚ್ಚಾದದ್ದು ಮಾರ್ಜಿನ್ ಜಾಗಕ್ಕೆ ಚೆಲ್ಲುತ್ತದೆ. ಟೇಬಲ್ ಸುತ್ತ ಓವರ್‌ಫ್ಲೋ ನಿಯಮ ಇರುವ ಡಿವ್, ಅಂದರೆ ಒಂದು ಚೌಕಟ್ಟು, ಇತ್ತು. ಚೆಲ್ಲಿದ್ದನ್ನು ಅದು ಕತ್ತರಿಸಿ ಹಾಕಿತು.

ಮೂರನೆಯದು ಫೈರ್‌ಫಾಕ್ಸ್‌ನ ಅಳಿಸಿ ಹೋದ ಗೆರೆಗಳು. ಕೆಲವು ಸೆಲ್‌ಗಳಿಗೆ ಪೊಸಿಷನ್: ರಿಲೇಟಿವ್ (ಇದ್ದ ಜಾಗದಿಂದ ಸರಿಸಲು ಬಿಡುವ ನಿಯಮ) ಇತ್ತು, ಹಿನ್ನೆಲೆ ಬಣ್ಣವೂ ಇತ್ತು. ಕೊಲ್ಯಾಪ್ಸ್ ಜೊತೆ ಇವೆರಡೂ ಸೇರಿದರೆ ಹಿನ್ನೆಲೆ ಬಣ್ಣ ಗೆರೆಯ ಮೇಲೆ ಬಳಿದುಕೊಳ್ಳುತ್ತದೆ. ಫೈರ್‌ಫಾಕ್ಸ್‌ಗೆ ಇದು ಬಹುಕಾಲದಿಂದ ಅಂಟಿಕೊಂಡ ಕಾಯಿಲೆ. ಬ್ಯಾಕ್‌ಗ್ರೌಂಡ್-ಕ್ಲಿಪ್: ಪ್ಯಾಡಿಂಗ್-ಬಾಕ್ಸ್ (ಹಿನ್ನೆಲೆ ಬಣ್ಣ ಗೆರೆಯ ಒಳಗೇ ನಿಲ್ಲಲಿ) ಅಂತ ಸೆಲ್‌ಗೆ ಹಾಕಿದರೆ ಗೆರೆ ವಾಪಸ್ ಬರುತ್ತದೆ. ನಿಮ್ಮದು ಚಿಕ್ಕ ಟೇಬಲ್, ಕೊಲ್ಯಾಪ್ಸ್ ಬಿಡಲು ಮನಸ್ಸಿಲ್ಲ ಅಂದರೆ ಈ ಒಂದು ಸಾಲು ಸಾಕು, ಮುಂದಿನ ಹಂತಗಳ ಗೋಜಿಗೆ ಹೋಗಬೇಡಿ.

ನಾನು ಕೊಲ್ಯಾಪ್ಸ್ ಕೈಬಿಡಲು ಅಸಲಿ ಕಾರಣ ಹೆಡರ್. ಹೆಡರ್ ಮೇಲೇ ಅಂಟಿ ನಿಲ್ಲಲಿ ಅಂತ ಟಿಎಚ್‌ಗೆ ಪೊಸಿಷನ್: ಸ್ಟಿಕಿ ಕೊಟ್ಟು ಪುಟ ಸ್ಕ್ರೋಲ್ ಮಾಡಿದರೆ ಅಕ್ಷರ, ಹಿನ್ನೆಲೆ ಮೇಲೆ ನಿಲ್ಲುತ್ತವೆ, ಗೆರೆ ಮಾತ್ರ ಸಾಲುಗಳ ಜೊತೆ ಹೊರಟು ಹೋಗುತ್ತದೆ. ಗೆರೆ ಟಿಎಚ್‌ನದ್ದಾಗಿರುವುದೇ ಇಲ್ಲ, ಇಡೀ ಟೇಬಲ್‌ನದ್ದಾಗಿರುತ್ತದೆ. ಇದಕ್ಕೆ ಬ್ಯಾಕ್‌ಗ್ರೌಂಡ್-ಕ್ಲಿಪ್ ಮದ್ದು ಕೆಲಸ ಮಾಡುವುದಿಲ್ಲ.

ಹಂತ 4: ನೆರಳಿನ ಉಪಾಯ, ಇದೂ ಬೇಡ

ಗೆರೆಯನ್ನೇ ತೆಗೆದು ಬಾಕ್ಸ್-ಶ್ಯಾಡೋದಿಂದ ಗೆರೆ ಎಳೆದು ನೋಡಿದೆ. ಮಸುಕಿಲ್ಲದ 1 ಪಿಕ್ಸೆಲ್ ನೆರಳು. ನೋಡಲು ಚೆನ್ನಾಗಿಯೇ ಬಂತು, ಸ್ಟಿಕಿ ಹೆಡರ್ ಕೂಡ ಸರಿಹೋಯಿತು. ವಿಂಡೋಸ್‌ನ ಕಾಂಟ್ರಾಸ್ಟ್ ಥೀಮ್ ಹಾಕಿದೆ ನೋಡಿ, ಇಡೀ ಟೇಬಲ್‌ನಲ್ಲಿ ಒಂದೇ ಒಂದು ಗೆರೆ ಇಲ್ಲ. ಆ ಮೋಡ್‌ನಲ್ಲಿ ಬ್ರೌಸರ್ ಬಾಕ್ಸ್-ಶ್ಯಾಡೋ ಪೂರ್ತಿ ತೆಗೆದುಹಾಕುತ್ತದೆ. ಕಣ್ಣಿನ ತೊಂದರೆ ಇರುವವರಿಗೇ ಗೆರೆ ಹೆಚ್ಚು ಬೇಕಾಗುವುದು. ಅಲ್ಲಿಗೆ ಈ ಉಪಾಯ ಕೈಬಿಟ್ಟೆ.

ಹಂತ 5: ಸೆಪರೇಟ್, ಆದರೆ ಸಂದು ಸೊನ್ನೆ

ಜಗಳವೇ ಬೇಡ ಅಂದರೆ ಹಂಚಿಕೆಯೇ ಇರಬಾರದು. ಪ್ರತಿ ಗೆರೆಗೂ ಒಬ್ಬನೇ ಯಜಮಾನ. ಸೆಲ್ ತನ್ನ ಬಲ ಮತ್ತು ಕೆಳಗಿನ ಗೆರೆ ಮಾತ್ರ ಎಳೆಯಲಿ. ಟೇಬಲ್ ತನ್ನ ಎಡ ಮತ್ತು ಮೇಲಿನ ಗೆರೆ ಮಾತ್ರ ಎಳೆಯಲಿ. ಲೆಕ್ಕ ಹಾಕಿ ನೋಡಿ, ಎಲ್ಲಾ ಗೆರೆಯೂ ಬಂತು, ಯಾವುದೂ ಎರಡು ಸಲ ಬರಲಿಲ್ಲ.

ಟೇಬಲ್ {
ಬಾರ್ಡರ್-ಕೊಲ್ಯಾಪ್ಸ್: ಸೆಪರೇಟ್;
ಬಾರ್ಡರ್-ಸ್ಪೇಸಿಂಗ್: 0;
ಬಾರ್ಡರ್: 0;
ಬಾರ್ಡರ್-ಟಾಪ್: 1ಪಿಎಕ್ಸ್ ಸಾಲಿಡ್ #888;
ಬಾರ್ಡರ್-ಲೆಫ್ಟ್: 1ಪಿಎಕ್ಸ್ ಸಾಲಿಡ್ #888;
}
ಟಿಎಚ್, ಟಿಡಿ {
ಬಾರ್ಡರ್: 0;
ಬಾರ್ಡರ್-ರೈಟ್: 1ಪಿಎಕ್ಸ್ ಸಾಲಿಡ್ #888;
ಬಾರ್ಡರ್-ಬಾಟಮ್: 1ಪಿಎಕ್ಸ್ ಸಾಲಿಡ್ #888;
}

ಸೆಪರೇಟ್ ಅನ್ನುವುದು ಹೇಗೂ ಮೂಲ ಬೆಲೆ (ಏನೂ ಬರೆಯದಿದ್ದರೆ ಬ್ರೌಸರ್ ಹಿಡಿಯುವುದು), ಯಾಕೆ ಬರೆಯಬೇಕು ಅಂತ ಕೇಳಬಹುದು. ಬರೆಯಿರಿ. ಬೇರೆ ಯಾವ ಸ್ಟೈಲ್‌ಶೀಟ್ ಅದನ್ನು ಕೊಲ್ಯಾಪ್ಸ್ ಮಾಡಿರುತ್ತದೋ ಗೊತ್ತಿಲ್ಲ. ಬ್ರೌಸರ್‌ನ ಸ್ವಂತ ಸ್ಟೈಲ್ ಅಳಿಸಲು ಹಾಕುವ ಎಷ್ಟೋ ರೀಸೆಟ್ ಫೈಲ್‌ಗಳು ಅದನ್ನೇ ಮಾಡುವುದು. ಅಂದಹಾಗೆ 1998ರ ಸಿಎಸ್‌ಎಸ್ 2ರಲ್ಲಿ ಮೂಲ ಬೆಲೆ ಕೊಲ್ಯಾಪ್ಸ್ ಅಂತಲೇ ಇತ್ತು, 2.1ರಲ್ಲಿ ಸೆಪರೇಟ್ ಅಂತ ತಿದ್ದಿದರು. ಬಾರ್ಡರ್-ಸ್ಪೇಸಿಂಗ್ ಮರೆತರೆ ಬ್ರೌಸರ್‌ನ ಸ್ವಂತ 2 ಪಿಕ್ಸೆಲ್ ಸಂದು ಹಾಗೇ ಉಳಿಯುತ್ತದೆ, ಟೇಬಲ್ ಪೂರ್ತಿ ಬಿರುಕು ಬಿಟ್ಟಂತೆ ಕಾಣುತ್ತದೆ.

ಗೆರೆಯ ಅಗಲ, ಸ್ಟೈಲ್, ಬಣ್ಣ ಮೂರನ್ನೂ ಒಂದೇ ಸಾಲಿನಲ್ಲಿ ಕೊಡಿ. ಅಗಲ ಮತ್ತು ಸ್ಟೈಲ್ ಮಾತ್ರ ಬಿಡಿಬಿಡಿಯಾಗಿ ಬರೆದು ಬಣ್ಣ ಬಿಟ್ಟರೆ ಬ್ರೌಸರ್‌ನ ಒಳಗಿನ ಸ್ಟೈಲ್‌ಶೀಟ್‌ನ ಬಣ್ಣ ನುಸುಳುತ್ತದೆ. ಕ್ರೋಮ್‌ನಲ್ಲಿ ಟೇಬಲ್‌ಗೆ ಅದು ಬೂದು. ನೀವು ಅಕ್ಷರದ ಬಣ್ಣ ಬರುತ್ತದೆ ಅಂತ ಕಾಯುತ್ತಾ ಕೂತಿರುತ್ತೀರಿ.

ಬಣ್ಣದ ವಿಷಯ ಬಂತಲ್ಲ, ಇನ್ನೊಂದು. ಹಳೇ ಕೋಡಿನಲ್ಲಿ ಗೆರೆಗೆ ಅರೆಪಾರದರ್ಶಕ ಕಪ್ಪು ಕೊಟ್ಟಿದ್ದರು. ಸಾಲು ಬಿಟ್ಟು ಸಾಲಿಗೆ ಹಿನ್ನೆಲೆ ಬಣ್ಣವೂ ಇತ್ತು. ಸೆಲ್‌ನ ಹಿನ್ನೆಲೆ ಅದರ ಗೆರೆಯ ಅಡಿಯವರೆಗೂ ಹರಡಿರುತ್ತದೆ. ಹೀಗಾಗಿ ಬಿಳಿ ಸಾಲಿನ ಗೆರೆ ತಿಳಿ, ಬಣ್ಣದ ಸಾಲಿನ ಗೆರೆ ಗಾಢ. ಹಿಗ್ಗಿಸಿ ನೋಡಿದಾಗಲೇ ಹೊಳೆದದ್ದು, ಅಲ್ಲಿಯವರೆಗೆ ಇದನ್ನೂ ಬ್ರೌಸರ್‌ನ ತಪ್ಪಿನ ಪಟ್ಟಿಗೆ ಸೇರಿಸಿದ್ದೆ. ಗಟ್ಟಿ ಬಣ್ಣ ಕೊಟ್ಟೆ, ಸರಿಹೋಯಿತು.

ಮೌಸ್ ಇಟ್ಟಾಗ ನೀಲಿ ಗೆರೆ ಬರುವ ಆಟವನ್ನು ತೆಗೆದೇ ಬಿಟ್ಟೆ. ಈ ಪದ್ಧತಿಯಲ್ಲಿ ಸಾಲಿನ ಮೇಲಿನ ಗೆರೆ ಹಿಂದಿನ ಸಾಲಿನ ಸ್ವತ್ತು, ಬಣ್ಣ ಬದಲಾಯಿಸಬೇಕಾದರೆ ಹಿಂದಿನ ಸಾಲನ್ನು ಹಿಡಿಯಬೇಕು. ಹಿನ್ನೆಲೆ ಬಣ್ಣ ಬದಲಾದರೆ ಸಾಕು, ಯಾವ ಸಾಲು ಅಂತ ಗೊತ್ತಾಗುತ್ತದೆ. ಕೆಂಪು 3 ಪಿಕ್ಸೆಲ್ ಗೆರೆ ಹೊತ್ತಿದ್ದ ಸಾಲುಗಳಿಗೂ ಗೆರೆಯ ಬದಲು ಹಿನ್ನೆಲೆ ಬಣ್ಣ ಮತ್ತು 'ಕಡಿಮೆ ಇದೆ' ಅನ್ನುವ ಅಕ್ಷರ.

ಹಂತ 6: ರೋಸ್ಪ್ಯಾನ್ ಎಂಬ ಕಂಟಕ

ಮೇಲಿನ ಕೋಡ್ ಈಗ ಸಲೀಸಾಗಿ ಕಾಣುತ್ತದೆ. ಎಡಗಡೆಯ ಗೆರೆಯನ್ನು ಟೇಬಲ್‌ಗೇ ಕೊಡಬೇಕು ಅನ್ನುವ ತೀರ್ಮಾನಕ್ಕೆ ಬಂದದ್ದು ಮಾತ್ರ ಸುಮ್ನೆ ಅಲ್ಲ. ಮೊದಲು ಬರೆದದ್ದು ಬೇರೆ: ಪ್ರತಿ ಸಾಲಿನ ಮೊದಲ ಸೆಲ್‌ಗೆ, ಅಂದರೆ ಟಿಡಿ:ಫಸ್ಟ್-ಚೈಲ್ಡ್‌ಗೆ, ಎಡ ಗೆರೆ. ಪರೀಕ್ಷೆಯ ಫೈಲಿನಲ್ಲಿ ಸರಿಯಾಗಿ ಬಂತು. ಅಸಲಿ ಪುಟದಲ್ಲಿ ಮೊದಲ ಮತ್ತು ಎರಡನೇ ಕಾಲಮ್ ನಡುವಿನ ಗೆರೆ ತುಂಡು ತುಂಡಾಗಿ ದಪ್ಪ. ಒಂದು ಸಾಲಿನಲ್ಲಿ 1 ಪಿಕ್ಸೆಲ್, ಅದರ ಕೆಳಗಿನ ಮೂರು ಸಾಲಿನಲ್ಲಿ 2, ಮತ್ತೆ 1.

ಕಾರಣ ಹೀಗೆ. ಗುಂಪಿನ ಹೆಸರಿನ ಸೆಲ್ ನಾಲ್ಕು ಸಾಲು ಚಾಚಿದೆ ಅನ್ನಿ (ಎಷ್ಟು ಸಾಲು ಚಾಚಬೇಕು ಅಂತ ಹೇಳುವುದೇ ರೋಸ್ಪ್ಯಾನ್). ಅದು ಕೋಡಿನಲ್ಲಿ ಇರುವುದು ಮೊದಲ ಸಾಲಿನೊಳಗೆ ಮಾತ್ರ. ಉಳಿದ ಮೂರು ಸಾಲಿನಲ್ಲಿ ಕೋಡಿನ ಪ್ರಕಾರ ಮೊದಲ ಮಗು ಯಾರು? ಕಣ್ಣಿಗೆ ಎರಡನೇ ಕಾಲಮ್‌ನಲ್ಲಿ ಕಾಣುವ ಸೆಲ್. ಅದಕ್ಕೂ ಎಡ ಗೆರೆ ಬಂತು, ಗುಂಪಿನ ಸೆಲ್‌ನ ಬಲ ಗೆರೆ ಹೇಗೂ ಅಲ್ಲಿದೆ. ಎರಡೂ ಸೇರಿ 2 ಪಿಕ್ಸೆಲ್. ಫಸ್ಟ್-ಚೈಲ್ಡ್, ಲಾಸ್ಟ್-ಚೈಲ್ಡ್ ಎರಡೂ ಕೋಡ್ ಎಣಿಸುತ್ತವೆ, ಕಾಲಮ್ ಎಣಿಸುವುದಿಲ್ಲ. ರೋಸ್ಪ್ಯಾನ್ ಇರುವ ಟೇಬಲ್‌ನಲ್ಲಿ ಗೆರೆ ಹಾಕಲು ಅವನ್ನು ನಂಬಬೇಡಿ. ಎಡ ಗೆರೆಯನ್ನು ಟೇಬಲ್‌ಗೆ ಕೊಟ್ಟರೆ ಎಣಿಸುವ ಪ್ರಶ್ನೆಯೇ ಬರುವುದಿಲ್ಲ.

ಇದಾದ ಮೇಲೂ ಒಂದು ಕಡೆ ಟೇಬಲ್‌ನ ಬಲಗಡೆ ಒಂದು ಸೆಲ್ ಹೊರಕ್ಕೆ ಮೂತಿ ಚಾಚಿತ್ತು. ಹದಿಮೂರನೇ ಕಾಲಮ್! ನೋಡಿದರೆ ಒಂದು ಗುಂಪಿನಲ್ಲಿ ಆರು ಸಾಲಿವೆ, ರೋಸ್ಪ್ಯಾನ್ ಮಾತ್ರ 7 ಅಂತ ಬರೆದಿದೆ. ಗುಂಪಿನ ಸೆಲ್ ಮುಂದಿನ ಗುಂಪಿನ ಮೊದಲ ಸಾಲಿಗೂ ಕಾಲು ಚಾಚಿ, ಅಲ್ಲಿದ್ದ ಎಲ್ಲರನ್ನೂ ಒಂದು ಮನೆ ಬಲಕ್ಕೆ ದೂಡಿತ್ತು. ಸಂಖ್ಯೆ ತಿದ್ದಿದೆ. ಆದರೆ ಡೇಟಾ ದಿನಾ ಬದಲಾಗುವ ಪುಟ, ನಾಳೆ ಮತ್ತೆ ತಪ್ಪಬಹುದು. ಅದಕ್ಕೆ ಪ್ರತಿ ಗುಂಪಿಗೂ ಬೇರೆ ಬೇರೆ ಟಿಬಾಡಿ (ಸಾಲುಗಳನ್ನು ಗುಂಪು ಕಟ್ಟುವ ಟ್ಯಾಗ್) ಹಾಕಿದೆ. ರೋಸ್ಪ್ಯಾನ್ ಎಷ್ಟೇ ದೊಡ್ಡದಿರಲಿ, ತನ್ನ ಟಿಬಾಡಿಯ ಗಡಿ ದಾಟುವ ಹಾಗಿಲ್ಲ, ಅಲ್ಲಿಗೇ ಕತ್ತರಿಸಿ ಹೋಗುತ್ತದೆ. ಒಂದು ಟೇಬಲ್‌ನಲ್ಲಿ ಎಷ್ಟು ಟಿಬಾಡಿ ಬೇಕಾದರೂ ಇರಬಹುದು ಅನ್ನುವುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಕೆಲವು ಸಾಲುಗಳಲ್ಲಿ ಕೊನೆಯ ಸೆಲ್‌ಗಳನ್ನು ಬರೆದೇ ಇರಲಿಲ್ಲ, ಡೇಟಾ ಇಲ್ಲ ಅಂತ. ಇಲ್ಲದ ಸೆಲ್‌ಗೆ ಗೆರೆ ಯಾರು ಎಳೆಯುತ್ತಾರೆ? ಖಾಲಿ ಟಿಡಿ ಹಾಕಿಸಿದೆ.

ಹಂತ 7: ಸ್ಟಿಕಿ ಹೆಡರ್

ಟಿಎಚ್‌ಗೆ ಸ್ಟಿಕಿ, ಟಾಪ್ 0, ಗಟ್ಟಿ ಹಿನ್ನೆಲೆ ಬಣ್ಣ. ಈ ಸಲ ಬಲ ಮತ್ತು ಕೆಳಗಿನ ಗೆರೆಗಳು ಹೆಡರ್ ಜೊತೆಗೇ ನಿಂತವು. ಮೇಲಿನ ಗೆರೆ ಮಾತ್ರ ಸ್ಕ್ರೋಲ್ ಆಗಿ ಹೋಯಿತು. ಸಹಜವೇ, ಅದನ್ನು ಟೇಬಲ್‌ಗೆ ಕೊಟ್ಟಿದ್ದೆ ತಾನೇ. ಟೇಬಲ್‌ನ ಬಾರ್ಡರ್-ಟಾಪ್ ತೆಗೆದು ಕೋಡಿನ ಅದೇ ಸಾಲನ್ನು ಟಿಹೆಡ್ (ಟೇಬಲ್‌ನ ಹೆಡರ್ ಭಾಗ) ಒಳಗಿನ ಟಿಎಚ್‌ಗೆ ಕೊಟ್ಟೆ. ಹೆಡರ್ ಒಂದೇ ಸಾಲಿನದ್ದಾದ್ದರಿಂದ ಇಷ್ಟು ಸಾಕಾಯಿತು. ಎರಡು ಸಾಲಿನ ಹೆಡರ್ ಆಗಿದ್ದರೆ ಮೊದಲ ಸಾಲಿನ ಟಿಎಚ್‌ಗೆ ಮಾತ್ರ ಕೊಡಬೇಕು.

ಆಮೇಲೂ ಹೆಡರ್ ನಿಲ್ಲದೆ ಹೋದರೆ ಸುತ್ತಲಿನ ಡಿವ್ ನೋಡಿ. ಅಡ್ಡ ಸ್ಕ್ರೋಲ್‌ಗೆ ಅಂತ ಓವರ್‌ಫ್ಲೋ-ಎಕ್ಸ್: ಆಟೋ ಕೊಟ್ಟರೆ ಓವರ್‌ಫ್ಲೋ-ವೈ ಕೂಡ ಆಟೋ ಆಗಿಬಿಡುತ್ತದೆ. ಆಗ ಸ್ಟಿಕಿ ಅಂಟಿಕೊಳ್ಳುವುದು ಪುಟಕ್ಕಲ್ಲ, ಆ ಡಿವ್‌ಗೆ. ಡಿವ್‌ಗೆ ಗರಿಷ್ಠ ಎತ್ತರ ಕೊಟ್ಟು ಅದರೊಳಗೇ ಸ್ಕ್ರೋಲ್ ಆಗುವಂತೆ ಮಾಡಿದೆ.

ಹಂತ 8: ಜೂಮ್

ಬ್ರೌಸರ್ ಗೆರೆಯ ದಪ್ಪವನ್ನು ಪರದೆಯ ಪೂರ್ಣ ಚುಕ್ಕೆಗಳಿಗೆ ಕೂರಿಸುತ್ತದೆ. ಒಂದು ಚುಕ್ಕೆಗಿಂತ ಕಡಿಮೆ ಬಂದರೆ ಒಂದು. ಅದಕ್ಕಿಂತ ಹೆಚ್ಚು ಬಂದರೆ ಭಿನ್ನರಾಶಿ ಬಿಟ್ಟು ಕೆಳಗಿನ ಪೂರ್ಣ ಸಂಖ್ಯೆ. ಸಾಮಾನ್ಯ ಪರದೆಯಲ್ಲಿ 75% ಜೂಮ್‌ಗೆ 1 ಪಿಕ್ಸೆಲ್ ಅಂದರೆ 0.75, ಅದು 1 ಚುಕ್ಕೆ. 2 ಪಿಕ್ಸೆಲ್ ಅಂದರೆ 1.5, ಅದೂ 1 ಚುಕ್ಕೆ. ನಮ್ಮ ಹೆಡರ್ ಕೆಳಗಿನ ಗೆರೆ ಮಾತ್ರ 2 ಪಿಕ್ಸೆಲ್ ಇತ್ತು. 75%ಗೆ ಇಳಿಸಿದರೆ ಹೆಡರ್ ಗೆರೆಗೂ ಉಳಿದ ಗೆರೆಗೂ ವ್ಯತ್ಯಾಸವೇ ಇಲ್ಲ. ಅದನ್ನು 3 ಪಿಕ್ಸೆಲ್ ಮಾಡಿದೆ. ಆಗ 75%ಗೆ 2.25, ಅಂದರೆ 2 ಚುಕ್ಕೆ. ದಪ್ಪ ಗೆರೆ ದಪ್ಪವಾಗಿಯೇ ಉಳಿಯಿತು. ಸಣ್ಣಪುಟ್ಟ ಲೆಕ್ಕ, ಆದರೆ ಲ್ಯಾಪ್‌ಟಾಪ್‌ಗಳಲ್ಲಿ 125%, 150% ಇಟ್ಟುಕೊಂಡವರೇ ಜಾಸ್ತಿ, ಹಾಗಾಗಿ ಆ ಎರಡಕ್ಕೂ ತಾಳೆ ನೋಡಿ.

ಹಿಗ್ಗಿಸಿ ನೋಡುವಾಗ ಹೆಡರ್ ಸೆಲ್‌ಗಳ ಬಲ ಮೂಲೆಯಲ್ಲಿ ಗರಗಸದ ಹಲ್ಲಿನಂಥ ಒಂದು ಚೂಪು ಕಂಡಿತು. 3 ಪಿಕ್ಸೆಲ್‌ನ ಕೆಳ ಗೆರೆ, 1 ಪಿಕ್ಸೆಲ್‌ನ ಬಲ ಗೆರೆ ಮೂಲೆಯಲ್ಲಿ ಓರೆಯಾಗಿ ಸೇರುತ್ತವೆ. ಎರಡರ ಬಣ್ಣ ಬೇರೆ ಇದ್ದರೆ ಆ ಓರೆ ಕಾಣುತ್ತದೆ. ಎರಡಕ್ಕೂ ಒಂದೇ ಬಣ್ಣ ಕೊಟ್ಟೆ, ಕಾಣದಾಯಿತು.

ಹಂತ 9: ಪ್ರಿಂಟ್

ಸಿಎಸ್‌ಎಸ್‌ನ 1 ಪಿಕ್ಸೆಲ್ ಅಂದರೆ ಇಂಚಿನ 96ನೇ ಒಂದು ಭಾಗ, ಕಾಗದದ ಮೇಲೆ 0.75 ಪಾಯಿಂಟ್. ಹನ್ನೆರಡು ಕಾಲಮ್‌ಗೆ ಅದು ಒತ್ತೊತ್ತಾಗಿ ಕಪ್ಪಾಗಿ ಕಾಣುತ್ತದೆ. ಪ್ರಿಂಟ್‌ನ ಮೀಡಿಯಾ ನಿಯಮದೊಳಗೆ ಎಲ್ಲವನ್ನೂ 0.5 ಪಾಯಿಂಟ್, ಕಪ್ಪು ಮಾಡಿದೆ. ಹಿನ್ನೆಲೆ ಬಣ್ಣವನ್ನು ಬ್ರೌಸರ್‌ಗಳು ತಾವಾಗಿ ಪ್ರಿಂಟ್ ಮಾಡುವುದಿಲ್ಲ. 'ಕಡಿಮೆ ಇದೆ' ಅನ್ನುವ ಅಕ್ಷರ ಹಾಕಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಬಣ್ಣವೇ ಬೇಕು ಅನ್ನುವವರು ಪ್ರಿಂಟ್-ಕಲರ್-ಅಡ್ಜಸ್ಟ್: ಎಕ್ಸಾಕ್ಟ್ ಹಾಕಿಕೊಳ್ಳಬಹುದು, ಇಂಕ್ ಖರ್ಚು ಅವರದ್ದು.

ಹೊಸ ಹಾಳೆ ಶುರುವಾದಾಗ ಟಿಹೆಡ್ ಮತ್ತೆ ಬರುತ್ತದೆ, ಮೇಲಿನ ಗೆರೆ ಅದರದ್ದೇ ಆದ್ದರಿಂದ ಅದೂ ಬರುತ್ತದೆ. ಹಾಳೆ ಮುಗಿಯುವಲ್ಲಿ ಕೊನೆಯ ಸಾಲಿನ ಕೆಳ ಗೆರೆ ಸೆಲ್‌ನದ್ದು, ಅದೂ ಇದೆ. ತೊಂದರೆ ಕೊಟ್ಟದ್ದು ಮತ್ತೆ ಗುಂಪಿನ ಸೆಲ್ಲೇ. ಅದು ಎರಡು ಹಾಳೆಗೆ ಹರಿದು ಹಂಚಿ ಹೋದಾಗ ಮೊದಲ ಹಾಳೆಯಲ್ಲಿ ಅದರ ತಳ ಬಾಯಿ ಬಿಟ್ಟುಕೊಂಡಿತ್ತು. ಸೆಲ್‌ನ ಕೆಳ ಗೆರೆ ಇರುವುದು ಅದರ ಕೊನೆಯಲ್ಲಿ, ಕೊನೆ ಮುಂದಿನ ಹಾಳೆಯಲ್ಲಿದೆ. ಹಂತ 6ರಲ್ಲಿ ಗುಂಪಿಗೊಂದು ಟಿಬಾಡಿ ಮಾಡಿದ್ದು ಇಲ್ಲಿಯೂ ಕೈಹಿಡಿಯಿತು. ಟಿಬಾಡಿಗೆ ಬ್ರೇಕ್-ಇನ್‌ಸೈಡ್: ಅವಾಯ್ಡ್ ಕೊಟ್ಟೆ, ಇಡೀ ಗುಂಪು ಒಟ್ಟಿಗೆ ಮುಂದಿನ ಹಾಳೆಗೆ ಹೋಗುತ್ತದೆ. ಹಾಳೆಯ ಕೆಳಗೆ ಒಂದಷ್ಟು ಜಾಗ ಖಾಲಿ ಉಳಿಯುತ್ತದೆ, ಇರಲಿ. ಒಂದು ಹಾಳೆಗಿಂತ ಉದ್ದದ ಗುಂಪು ಬಂದರೆ ಈ ಮದ್ದು ನಡೆಯುವುದಿಲ್ಲ. ಸದ್ಯಕ್ಕೆ ಅಷ್ಟು ಉದ್ದದ ಗುಂಪು ನಮ್ಮ ಪಟ್ಟಿಯಲ್ಲಿಲ್ಲ.

ಉಳಿದದ್ದು

ಒಟ್ಟು ಮೊತ್ತದ ಸಾಲಿನ ಮೇಲೆ ಡಾಟೆಡ್ ಗೆರೆ ಬೇಕು ಅಂತ ಒಂದು ಬೇಡಿಕೆ ಇತ್ತು. ಚುಕ್ಕೆಗಳ ನಡುವೆ ಎಷ್ಟು ಅಂತರ, ಮೂಲೆಯಲ್ಲಿ ಚುಕ್ಕೆ ಎಲ್ಲಿ ಬೀಳಬೇಕು ಅನ್ನುವುದನ್ನು ಸ್ಟ್ಯಾಂಡರ್ಡ್ ಬ್ರೌಸರ್‌ಗೆ ಬಿಟ್ಟಿದೆ. ಮೂರೂ ಬ್ರೌಸರ್‌ನಲ್ಲಿ ಚುಕ್ಕೆಗೆ ಚುಕ್ಕೆ ಹೊಂದುವಂತೆ ಮಾಡಲು ಸಿಎಸ್‌ಎಸ್ ಗೆರೆಯಿಂದ ಆಗುವುದಿಲ್ಲ. ಚಿತ್ರ ಹಾಕಿ ಮಾಡಬಹುದಿತ್ತು, ಅಷ್ಟು ದೂರ ಹೋಗಲಿಲ್ಲ. ಅಲ್ಲಿಯೂ 3 ಪಿಕ್ಸೆಲ್ ಸಾಲಿಡ್ ಹಾಕಿದೆ. ಆ ಗೆರೆಯ ಯಜಮಾನ ಒಟ್ಟು ಮೊತ್ತದ ಸಾಲಲ್ಲ, ಅದರ ಹಿಂದಿನ ಸಾಲು. ಹಾಗಾಗಿ ಕೊನೆಯ ಗುಂಪಿನ ಟಿಬಾಡಿಗೆ ಒಂದು ಕ್ಲಾಸ್ ಕೊಟ್ಟು, ಅದರ ಕೊನೆಯ ಸಾಲಿನ ಸೆಲ್‌ಗಳ ಬಾರ್ಡರ್-ಬಾಟಮ್ ದಪ್ಪ ಮಾಡಬೇಕಾಯಿತು. ರೋಸ್ಪ್ಯಾನ್ ಇರುವ ಗುಂಪಿನ ಸೆಲ್ ಆ ಸಾಲಿನೊಳಗೆ ಇರುವುದಿಲ್ಲ ಅನ್ನುವುದು ಮರೆಯಬೇಡಿ, ಅದಕ್ಕೂ ಬೇರೆಯಾಗಿ ಅದೇ ಗೆರೆ ಕೊಡಬೇಕು.